ಒಳಗೇನೈತೆ ಅಂತ ಮೊದಲೇ ಹೇಳಿ



ಹಡಗು ಒಡೆಯೋ ಕಾನೂನಿನ ಬಗ್ಗೆ ಓದ್ತಿದೀನಿ ಅಂದಾಗ ನಮ್ಮ ಹೇಮಗಿರಿ ಕಡೆಯ ಸಂಗಾತಿಯೊಬ್ಬ ನಕ್ಕ. "ಅಣ್ಣ, ನಮ್ಮ ಹೇಮಾವತಿ ಹೊಳೇಲಿ ತೆಪ್ಪ ಬಿಟ್ರೆ ಇನ್ನೇನೈತೆ? ಹಡಗು ನಮಗ್ಯಾಕೆ?" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

25-30 ವರ್ಷ ದುಡಿದ ಹಡಗನ್ನ ಕೊನೆಗೆ ಗುಜರಿಗೆ ಮಾರ್ತಾರೆ. ನಮ್ಮ ದೇಶದಲ್ಲಿ ಅವು ಹೆಚ್ಚಾಗಿ ಹೋಗೋದು ಗುಜರಾತಿನ ಅಲಂಗ್ ಕಡಲತೀರಕ್ಕೆ. 1983ರಿಂದ ಅಲ್ಲಿ ಈ ಕೆಲಸ ನಡೀತಿದೆ. ಉಬ್ಬರ ಬಂದಾಗ ಹಡಗನ್ನ ದಡಕ್ಕೆ ನುಗ್ಗಿಸಿ, ಆಮೇಲೆ ಗ್ಯಾಸ್ ಕಟರ್ ಹಿಡಿದು ತುಂಡು ಮಾಡ್ತಾರೆ. ಒಡಿಶಾ, ಬಿಹಾರ, ಉತ್ತರ ಪ್ರದೇಶದಿಂದ ಗುಳೆ ಬಂದವರು ಈ ಕೆಲಸ ಮಾಡ್ತಾರೆ. ಇಂಥ ಕೆಲಸಕ್ಕೆ ಯಾವ ಕೇರಿಯ ಮಕ್ಕಳು ಹೋಗ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕರಾವಳಿಗೂ ಇದು ಹೊಸದಲ್ಲ. 2019ರಲ್ಲಿ ಸುರತ್ಕಲ್ ಹತ್ತಿರದ ಗುಡ್ಡೆಕೊಪ್ಲದ ದಡಕ್ಕೆ ತಂದು ನಿಲ್ಲಿಸಿದ 'ಭಗವತಿ ಪ್ರೇಮ್' ಅನ್ನೋ ಹೂಳೆತ್ತುವ ಹಡಗನ್ನ ಆಮೇಲೆ ಅಲ್ಲೇ ಒಡೆದರು.

ಹಳೇ ಹಡಗಿನೊಳಗೆ ಏನಿರುತ್ತೆ? ಪೈಪು, ಬಾಯ್ಲರ್ ಸುತ್ತ ಆಸ್ಬೆಸ್ಟಾಸ್. ಬಣ್ಣದಲ್ಲಿ ಸೀಸ. ಉಪಕರಣಗಳಲ್ಲಿ ಪಾದರಸ. ಟ್ಯಾಂಕಿನಲ್ಲಿ ಎಣ್ಣೆಯ ಕೆಸರು, ಗ್ಯಾಸು. ಆಸ್ಬೆಸ್ಟಾಸ್ ಅಂದ್ರೆ ನಮ್ಮ ಕೇರಿ ಮನೆಗಳ ಮೇಲಿರೋ ಹಳೇ ಸಿಮೆಂಟ್ ಶೀಟಿನಲ್ಲಿರೋ ನಾರೇ. ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ಕಾಯಿಲೆ ಕಾಣಿಸೋಕೆ ಹತ್ತಾರು ವರ್ಷ ಬೇಕು. ಅಷ್ಟೊತ್ತಿಗೆ ಕೂಲಿಯವನು ಊರಿಗೆ ವಾಪಸ್. ಮಾಲೀಕನನ್ನ ಕೇಳೋರು ಯಾರು?

ನಾನು ಗುಮಾಸ್ತ. ದಾಸ್ತಾನು ವಹಿ ಬರೆಯೋದು ನನ್ನ ಕೆಲಸ: ಯಾವ ಸಾಮಾನು, ಎಷ್ಟು, ಎಲ್ಲಿದೆ. 2009ರ ಹಾಂಗ್‌ಕಾಂಗ್ ಒಪ್ಪಂದ ಹಡಗಿಗೂ ಇಂಥದ್ದೇ ವಹಿ ಕೇಳುತ್ತೆ. ಅಪಾಯಕಾರಿ ವಸ್ತು ಯಾವುದು, ಎಷ್ಟು, ಹಡಗಿನ ಯಾವ ಭಾಗದಲ್ಲಿದೆ ಅಂತ ಕಟ್ಟುವಾಗಲೇ ಬರೆದು, ರಿಪೇರಿ ಆದಾಗ ತಿದ್ದಿ, ಒಡೆಯೋ ಮುಂಚೆ ಉಳಿದ ತ್ಯಾಜ್ಯದ ಲೆಕ್ಕವನ್ನೂ ಸೇರಿಸಬೇಕು. ಮುಚ್ಚಿದ ಟ್ಯಾಂಕಿಗೆ ಮನುಷ್ಯ ಇಳಿಯೋ ಮುಂಚೆ ಒಳಗಿನ ಗಾಳಿ ಪರೀಕ್ಷೆ ಆಗಲೇಬೇಕು. ಭಾರತ 2019ರಲ್ಲಿ ಈ ಒಪ್ಪಂದಕ್ಕೆ ಸೇರಿ, ಅದೇ ವರ್ಷ ಕಾಯ್ದೆನೂ ಮಾಡ್ತು. ಒಪ್ಪಂದ ಜಾರಿಗೆ ಬಂದಿದ್ದು ಮಾತ್ರ 2025ರ ಜೂನ್ 26ಕ್ಕೆ. 16 ವರ್ಷ!

ಇದನ್ನ ಓದುವಾಗ ನನ್ನ ಕಣ್ಣ ಮುಂದೆ ಬಂದಿದ್ದು ಮ್ಯಾನ್‌ಹೋಲು. ಅಲ್ಲಿ ಮನುಷ್ಯ ಇಳಿಯಲೇಬಾರದು, ಅದರಲ್ಲಿ ರಾಜಿ ಇಲ್ಲ. 2013ರ ಕಾಯ್ದೆ ಇದ್ದರೂ ಇಳಿಸ್ತಿದಾರೆ. ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ಅಂತು, 2023ರಲ್ಲಿ 30 ಲಕ್ಷ ಅಂತು. ಸತ್ತ ಮೇಲಿನ ಲೆಕ್ಕ ಪಕ್ಕಾ ಐತೆ. ಒಳಗೆ ಯಾವ ಗ್ಯಾಸಿತ್ತು ಅಂತ ಬದುಕಿದ್ದಾಗ ಹೇಳಿದ್ದು ಯಾರು?

ಹಡಗಿನ ವಹಿಯೂ ಇಂಗ್ಲಿಷಿನಲ್ಲಿ ಬರೆಸಿಕೊಂಡು ಕಪಾಟಿನಲ್ಲಿ ಕೂತರೆ ಕಟರ್ ಹಿಡಿದವನಿಗೆ ಅದು ಬರೀ ಕಾಗದ. ಅವನ ಭಾಷೆಯಲ್ಲಿ, ಅವನ ಮುಂದೆ, ಕೆಲಸ ಶುರುವಾಗೋ ಮುಂಚೆ ಓದಬೇಕು. ಬೇಡ ಅಂದರೆ ಅವತ್ತಿನ ಕೂಲಿ ಕಳಕೊಳ್ಳದೆ ಹಿಂದೆ ಸರಿಯೋ ಹಕ್ಕೂ ಅವನಿಗಿರಬೇಕು.

ಅಲಂಗ್ ದೂರ ಅನ್ನಿಸಿದ್ರೆ ನಿಮ್ಮ ತಾಲ್ಲೂಕಿನ ಗುಜರಿ ಅಂಗಡಿಗೆ ಹೋಗಿ. ಹಳೇ ಬ್ಯಾಟರಿ, ಫ್ರಿಜ್ಜು ಒಡೆಯೋ ನಮ್ಮ ಹುಡುಗರನ್ನ ಒಂದೇ ಮಾತು ಕೇಳಿ: "ಇದರೊಳಗೆ ಏನೈತೆ ಅಂತ ಯಾರಾದ್ರೂ ಹೇಳಿದಾರೇನಪ್ಪ?" ಅವರು ಹೇಳಿದ್ದನ್ನ ಬರ್ಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಓದೋಣ.