ಮಂಗಳೂರಿಗೆ ಬದಲು ಬಸ್ರಾ

ಕನ್ನಡದಲ್ಲಿ ‘ತುರುಕ’ ಎಂಬ ಹಳೆಯ ಮಾತೊಂದಿದೆ. ಟರ್ಕಿಯನ್ನು ಕಣ್ಣಾರೆ ಕಂಡಿರದ, ತುರ್ಕಿ ಭಾಷೆಯ ಒಂದಕ್ಷರವೂ ಬಾರದ ನನ್ನಂಥವರ ಮೇಲೆ ಆ ಜನಾಂಗದ ಹೆಸರು ಶತಮಾನಗಳಿಂದ ಅಂಟಿಕೊಂಡು ಬಂದಿದೆ. ಉರ್ದು ಶಾಲೆಗೆ ಹೋದಾಗ ಆ ದೇಶಕ್ಕೆ ಇನ್ನೊಂದು ಹೆಸರಿರುವುದು ತಿಳಿಯಿತು: ರೂಮ್. ಹಳೆಯ ಉರ್ದು ಪುಸ್ತಕಗಳಲ್ಲಿ ಇಸ್ತಾಂಬುಲಿನ ದೊರೆ ‘ಸುಲ್ತಾನೆ ರೂಮ್’. ಅಲ್ಲಿಂದ ಕನ್ನಡ ಶಾಲೆಗೆ ಬಂದರೆ ಭೂಪಟದಲ್ಲಿ ಅದು ಟರ್ಕಿ. 2022ರಲ್ಲಿ ವಿಶ್ವಸಂಸ್ಥೆಯ ದಾಖಲೆಗಳಲ್ಲಿ ತುರ್ಕಿಯೆ ಎಂದಾಯಿತು. ಹೆಸರು ಏನೇ ಇರಲಿ, ಅದರ ಲೆಕ್ಕ ಒಪ್ಪಿಸುವ ಕೆಲಸ ಮಾತ್ರ ಆಗಾಗ ನಮ್ಮ ಪಾಲಿಗೆ ಬರುತ್ತದೆ.

2025ರ ಮೇ ತಿಂಗಳಲ್ಲಿ ಕಡಬದ ಅಡಿಕೆ ಅಂಗಡಿಯೊಂದರಲ್ಲಿ ಹಾಗೆಯೇ ಆಯಿತು. ನಾನು ಕೊಂಡೊಯ್ದಿದ್ದ ಒಂದಿಷ್ಟು ಒಳ್ಳೆಮೆಣಸನ್ನು ತೂಗುತ್ತಾ ಅಂಗಡಿಯವರು, “ಎಂತ ಸಾಯ್ಬ್ರೇ, ನಿಮ್ಮ ಟರ್ಕಿಯವರು ಹೀಗೆ ಮಾಡ್ಬಹುದಾ?” ಎಂದು ಕೇಳಿದರು. ಮಾತಿನಲ್ಲಿ ದ್ವೇಷವಿರಲಿಲ್ಲ. ವರ್ಷಗಳಿಂದ ನನ್ನ ಮೆಣಸಿಗೆ ಸರಿಯಾದ ಬೆಲೆ ಕೊಟ್ಟವರು ಅವರು. ಆದರೆ ‘ನಿಮ್ಮ’ ಎಂಬ ಶಬ್ದ ಇತ್ತಲ್ಲ, ಅದು ತಕ್ಕಡಿಯಲ್ಲಿ ಮೆಣಸಿಗಿಂತ ಹೆಚ್ಚು ತೂಗಿತು.

ಆ ತಿಂಗಳ ಸುದ್ದಿ ಎಲ್ಲರಿಗೂ ನೆನಪಿರಬಹುದು. ಭಾರತ–ಪಾಕಿಸ್ತಾನ ಸಂಘರ್ಷದಲ್ಲಿ ಟರ್ಕಿ ಬಹಿರಂಗವಾಗಿ ಪಾಕಿಸ್ತಾನದ ಪರ ಮಾತಾಡಿತು. ಬೆಂಗಳೂರೂ ಸೇರಿ ಹಲವು ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಸೆಲೆಬಿ ಎಂಬ ಟರ್ಕಿ ಮೂಲದ ಕಂಪೆನಿಯ ಭದ್ರತಾ ಅನುಮತಿಯನ್ನು ನಮ್ಮ ಸರಕಾರ ರದ್ದುಪಡಿಸಿತು. ವ್ಯಾಪಾರಿಗಳು ಟರ್ಕಿಯ ಸೇಬು, ಅಮೃತಶಿಲೆ ಬೇಡವೆಂದರು. ಎರಡೇ ವರ್ಷಗಳ ಹಿಂದೆ, 2023ರ ಫೆಬ್ರವರಿಯ ಭೂಕಂಪದಲ್ಲಿ, ಭಾರತ ‘ಆಪರೇಷನ್ ದೋಸ್ತ್’ ಎಂಬ ಹೆಸರಿನಲ್ಲಿ ರಕ್ಷಣಾ ತಂಡಗಳನ್ನೂ ಸೇನೆಯ ಆಸ್ಪತ್ರೆಯನ್ನೂ ಅದೇ ಟರ್ಕಿಗೆ ಕಳಿಸಿತ್ತು. ಅಂಗಡಿಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ನನಗೂ ಸಿಟ್ಟು ಬಂದಿತ್ತು. ಅರ್ಥವಾಗದ್ದು, ಆ ಸಿಟ್ಟಿಗೆ ವಿಳಾಸ ನಾನೇಕಾದೆ ಎಂಬುದು.

ಟರ್ಕಿ ‘ನಮ್ಮದು’ ಎಂದು ನಂಬಿ ಹೊರಟವರಿಗೆ ಅಲ್ಲಿ ಏನು ಸಿಕ್ಕಿತು ಎಂಬ ಕಥೆ ನಮ್ಮ ಕರಾವಳಿಯಲ್ಲೇ ಇದೆ. ಅದರಲ್ಲಿ ಮೆಣಸೂ ಇದೆ.

1786ರ ಮಾರ್ಚಿನಲ್ಲಿ ಅಘನಾಶಿನಿ ನದಿ ಕಡಲು ಸೇರುವ ತದಡಿ ಬಂದರಿನಿಂದ ಟಿಪ್ಪು ಸುಲ್ತಾನನ ಹಡಗುಗಳು ಹೊರಟವು. ಗುಲಾಂ ಅಲಿ ಖಾನ್ ಮುಂದಾಳು. ಸುಮಾರು ಒಂಬೈನೂರು ಜನ. ಗುರಿ ಇಸ್ತಾಂಬುಲ್. ಹಡಗಿನಲ್ಲಿ ಕಾಣಿಕೆಗಳಷ್ಟೇ ಅಲ್ಲ, ಮಾರಲಿಕ್ಕೆಂದು ಒಳ್ಳೆಮೆಣಸು, ಏಲಕ್ಕಿ, ಗಂಧವೂ ಇದ್ದವು. ನಿಯೋಗದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ದಾರಿಯ ವಿವರಗಳನ್ನು ಫಾರಸಿಯಲ್ಲಿ ಬರೆದಿಟ್ಟ. ‘ವಕಾಯೆ ಮನಾಜಿಲೆ ರೂಮ್’ ಎಂಬ ಆ ದಿನಚರಿಯನ್ನು ಇತಿಹಾಸಕಾರ ಮೊಹಿಬ್ಬುಲ್ ಹಸನ್ 1968ರಲ್ಲಿ ಸಂಪಾದಿಸಿ ಹೊರತಂದರು.

ಟಿಪ್ಪುವಿನ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಒಂದೇ ನೆನಪಿಲ್ಲ, ಬಲ್ಲೆ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ಸಣ್ಣ ನೋವಲ್ಲ. ನಾನಿಲ್ಲಿ ಹೇಳುತ್ತಿರುವುದು ವ್ಯಾಪಾರಿ ಟಿಪ್ಪುವಿನ ಮಾತು. ಮೆಣಸು, ಗಂಧದ ವ್ಯಾಪಾರವನ್ನು ಸರಕಾರದ ಕೈಗೆ ತೆಗೆದುಕೊಂಡು, ಮಸ್ಕತ್‌ನಲ್ಲಿ ಮೈಸೂರಿನ ಕೋಠಿ ಇಟ್ಟಿದ್ದವನು ಅವನು. ಮಂಗಳೂರಿನ ಅಕ್ಕಿ ಹೋಗದಿದ್ದರೆ ಮಸ್ಕತ್‌ನ ಒಲೆ ಉರಿಯುವುದು ಕಷ್ಟವೆಂದು ಅವನಿಗೆ ಗೊತ್ತಿತ್ತು.

ಅವನು ಇಸ್ತಾಂಬುಲಿಗೆ ಕಳಿಸಿದ ಬೇಡಿಕೆಗಳನ್ನು ನೋಡಿ. ತನ್ನ ದೊರೆತನಕ್ಕೆ ಖಲೀಫನ ಮನ್ನಣೆ ಬೇಕು. ಇಂಗ್ಲಿಷರ ವಿರುದ್ಧ ಸೈನ್ಯ ಬೇಕು. ಬಂದೂಕು, ಗಾಜು, ಗಡಿಯಾರ ಮಾಡಬಲ್ಲ ಕುಶಲಕರ್ಮಿಗಳು ಬೇಕು. ಎಲ್ಲಕ್ಕಿಂತ ಸೋಜಿಗದ್ದು ಒಂದು ವಿನಿಮಯ: ಬಸ್ರಾ ಬಂದರು ನಮಗೆ ಕೊಡಿ, ಬದಲಿಗೆ ಮಂಗಳೂರು ಬಂದರು ನೀವು ಇಟ್ಟುಕೊಳ್ಳಿ. ಇದು ಭಕ್ತನ ಬೇಡಿಕೆಯಲ್ಲ, ಅಪ್ಪಟ ವ್ಯಾಪಾರಿಯದು. ನಮ್ಮ ಕಡಬದ ಪಕ್ಕದಲ್ಲಿ ಹರಿಯುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿಗೇ ಇಳಿಯುತ್ತದೆ. ಆ ವ್ಯವಹಾರ ಕುದುರಿದ್ದರೆ ನಮ್ಮ ಘಟ್ಟದ ಬುಡದ ಮೆಣಸಿಗೆ ಇಸ್ತಾಂಬುಲಿನ ಸುಂಕದವನು ತಕ್ಕಡಿ ಹಿಡಿಯುತ್ತಿದ್ದನೋ ಏನೋ!

ಕುದುರಲಿಲ್ಲ. ನಿಯೋಗ ಮಸ್ಕತ್, ಬಸ್ರಾ, ಬಗ್ದಾದ್ ದಾಟಿ 1787ರ ಸೆಪ್ಟೆಂಬರಿನಲ್ಲಿ ಇಸ್ತಾಂಬುಲ್ ತಲುಪಿತು. ಅದಕ್ಕೆ ಹಿಂದಿನ ತಿಂಗಳಷ್ಟೇ ಉಸ್ಮಾನಿ ಸರಕಾರ ರಷ್ಯಾದ ಮೇಲೆ ಯುದ್ಧ ಸಾರಿತ್ತು. ಕ್ರೈಮಿಯಾವನ್ನು 1783ರಲ್ಲೇ ರಷ್ಯಾ ನುಂಗಿತ್ತು. ಅಂಥ ಹೊತ್ತಿನಲ್ಲಿ ಮೈಸೂರಿಗಾಗಿ ಇಂಗ್ಲಿಷರನ್ನು ಎದುರು ಹಾಕಿಕೊಳ್ಳಲು ಸುಲ್ತಾನ್ ಅಬ್ದುಲ್ ಹಮೀದ್ ತಯಾರಿರಲಿಲ್ಲ. ಸನ್ಮಾನಕ್ಕೆ ಕೊರತೆಯಾಗಲಿಲ್ಲ. ದೊರೆತನಕ್ಕೆ ಮನ್ನಣೆ ಸಿಕ್ಕಿತು, ಖಿಲ್ಲತ್ತು ಸಿಕ್ಕಿತು. ಬಂದರು ಸಿಗಲಿಲ್ಲ, ಸೈನ್ಯ ಸಿಗಲಿಲ್ಲ. ಸಮುದ್ರ ಮತ್ತು ಪ್ಲೇಗು ಸೇರಿ ನಿಯೋಗದ ಬಹುಪಾಲು ಜನರನ್ನು ತಿಂದವು. ಹೊರಟ ಒಂಬೈನೂರರಲ್ಲಿ ಊರಿಗೆ ಮರಳಿದವರು ಬಹಳ ಕಡಿಮೆ.

ಎರಡನೆಯ ಅಂಕ ಇನ್ನೂ ಕಹಿಯಾದದ್ದು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ. ಆಗಿನ ಸುಲ್ತಾನ್ ಮೂರನೇ ಸಲೀಮ್ ಟಿಪ್ಪುವಿಗೆ ಪತ್ರ ಬರೆದ: ಫ್ರೆಂಚರ ಸ್ನೇಹ ಬಿಡು, ಇಂಗ್ಲಿಷರೊಡನೆ ಜಗಳವಿದ್ದರೆ ನಾವು ನಡುವೆ ನಿಂತು ಬಗೆಹರಿಸುತ್ತೇವೆ. ಆ ಪತ್ರವನ್ನು ಟಿಪ್ಪುವಿಗೆ ತಲುಪಿಸಿದವನು ಯಾರು? ಇಂಗ್ಲಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ! 1799ರ ಜನವರಿಯ ಹೊತ್ತಿಗೆ ಉಸ್ಮಾನಿಗಳು ಇಂಗ್ಲಿಷರೊಂದಿಗೆ ಮಾತ್ರವಲ್ಲ, ಹಳೆಯ ವೈರಿ ರಷ್ಯಾದೊಂದಿಗೂ ಒಪ್ಪಂದ ಮಾಡಿಕೊಂಡಿದ್ದರು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಇದನ್ನು ದ್ರೋಹವೆನ್ನಲು ನನಗೆ ಮನಸ್ಸಿಲ್ಲ. ಸಲೀಮನಿಗೆ ಈಜಿಪ್ಟ್ ಉಳಿಯಬೇಕಿತ್ತು, ಟಿಪ್ಪುವಿಗೆ ಮೈಸೂರು. ಇಬ್ಬರೂ ತಮ್ಮ ತಮ್ಮ ಲೆಕ್ಕ ನೋಡಿದರು. ಕಲಿಮೆ ಒಂದೇ ಆಗಿದ್ದರೂ ಜಮಾಖರ್ಚಿನ ಪುಸ್ತಕ ಬೇರೆ ಬೇರೆ. ಅಂಗಡಿಯವರಿಗೂ ನಾನು ಕೊಟ್ಟ ಉತ್ತರ ಹೆಚ್ಚುಕಡಿಮೆ ಇದೇ. “ಅದು ಟಿಪ್ಪುವಿನ ಟರ್ಕಿಯೇ ಆಗಲಿಲ್ಲ ಭಟ್ರೇ, ಮತ್ತೆ ನನ್ನದು ಹೇಗೆ?” ಎಂದೆ. ಅವರು ನಕ್ಕು ಚೀಟಿ ಬರೆದರು.

ಆಮೇಲಿನ ಟರ್ಕಿಯ ಚರಿತ್ರೆಯೂ ಇದೇ ಪುಸ್ತಕದ ಮುಂದಿನ ಪುಟಗಳು. ಸಾಲದಲ್ಲಿ ಮುಳುಗಿದ ಸಾಮ್ರಾಜ್ಯದ ಉಪ್ಪು, ಹೊಗೆಸೊಪ್ಪಿನ ಆದಾಯವನ್ನು ವಸೂಲು ಮಾಡಲು 1881ರಲ್ಲಿ ಯುರೋಪಿನ ಸಾಲಗಾರರು ಇಸ್ತಾಂಬುಲಿನಲ್ಲೇ ಕಚೇರಿ ತೆರೆದರು. ಆ ಅವಮಾನ ಉಂಡ ಅತಾತುರ್ಕ್‌ನ ಗಣರಾಜ್ಯ, 1930ರ ದಶಕದಲ್ಲಿ ಸೋವಿಯತ್ ಸಾಲ ಪಡೆದು ಸರಕಾರಿ ಬಟ್ಟೆ ಗಿರಣಿಗಳನ್ನು ಕಟ್ಟಿತು. ಅದೇ ಸೋವಿಯತ್ ಭಯದಿಂದ 1952ರಲ್ಲಿ ನ್ಯಾಟೋ ಸೇರಿತು. ಇಸ್ರೇಲನ್ನು 1949ರಲ್ಲಿ ಎಲ್ಲ ಮುಸ್ಲಿಂ ಬಹುಸಂಖ್ಯಾತ ದೇಶಗಳಿಗಿಂತ ಮೊದಲು ಮಾನ್ಯ ಮಾಡಿದ್ದೂ ಟರ್ಕಿಯೇ. 1980ರ ಜನವರಿಯಲ್ಲಿ ತುರ್ಗುತ್ ಓಝಲ್ ರೂಪಿಸಿದ ಕ್ರಮಗಳು ಮಾರುಕಟ್ಟೆಯ ಬಾಗಿಲು ತೆರೆದವು. 2003ರ ಮಾರ್ಚ್ 1ರಂದು ಇರಾಕ್ ಯುದ್ಧಕ್ಕೆ ಅಮೆರಿಕದ ಸೈನ್ಯಕ್ಕೆ ದಾರಿ ಕೊಡಲು ಅದರ ಸಂಸತ್ತು ಒಪ್ಪಲಿಲ್ಲ. ಆ ದಿನ ಮಾತ್ರ ನನಗೆ ಆ ದೇಶದ ಮೇಲೆ ನಿಜವಾದ ಗೌರವ ಹುಟ್ಟಿತ್ತು.

ಎರ್ದೊಗಾನ್‌ರ ಕಾಲದಲ್ಲಿ ಮಾತು ಜೋರಾಯಿತು, ಲೆಕ್ಕ ಬದಲಾಗಲಿಲ್ಲ. ರಷ್ಯಾದಿಂದ ಅನಿಲ, ಉಕ್ರೇನಿಗೆ ಡ್ರೋನು, ಎರಡೂ ಒಟ್ಟಿಗೆ ನಡೆದವು. ಗಾಝಾದ ಮೇಲೆ ಬಾಂಬು ಬೀಳತೊಡಗಿದ್ದು 2023ರ ಅಕ್ಟೋಬರಿನಲ್ಲಿ. ಇಸ್ರೇಲಿನೊಂದಿಗಿನ ವ್ಯಾಪಾರವನ್ನು ಟರ್ಕಿ ಪೂರ್ತಿ ನಿಲ್ಲಿಸಿದೆನೆಂದು ಸಾರಿದ್ದು 2024ರ ಮೇ ತಿಂಗಳಲ್ಲಿ. ನಡುವಿನ ಏಳು ತಿಂಗಳು ಇಸ್ತಾಂಬುಲಿನಿಂದ ಭಾಷಣಗಳೂ ಹೊರಟವು, ಹಡಗುಗಳೂ ಹೊರಟವು. ಅಲ್ಲಿನ ಬಡವರಿಗೂ ಸುಖವಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಸರಕಾರವೇ ಒಪ್ಪಿದ ಹಣದುಬ್ಬರ ಶೇಕಡಾ 85 ದಾಟಿತ್ತು.

ಇಷ್ಟೆಲ್ಲ ತಿಳಿದೂ ಮನೆಯ ಹಳೆಯ ಪೆಟ್ಟಿಗೆಯಲ್ಲಿರುವ ದಾದಾನ ರೂಮಿ ಟೋಪಿಯನ್ನು ಬಿಸಾಡಲು ನನಗೆ ಕೈಬಂದಿಲ್ಲ. ಕೆಂಪು ಬಣ್ಣ, ಕಪ್ಪು ಗೊಂಡೆ. ಇಂಥ ಟೋಪಿಗಳು ಒಂದು ಕಾಲದಲ್ಲಿ ಹೆಚ್ಚಾಗಿ ಆಸ್ಟ್ರಿಯಾದ ಕಾರ್ಖಾನೆಗಳಿಂದ ಬರುತ್ತಿದ್ದವು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ಸೇರಿಸಿಕೊಂಡಾಗ ತುರ್ಕರು ಸಿಟ್ಟಿನಿಂದ ಅವನ್ನು ಬಹಿಷ್ಕರಿಸಿದರು. 1925ರಲ್ಲಿ ಅತಾತುರ್ಕ್ ಕಾನೂನು ಮಾಡಿ ಅದನ್ನು ತಲೆಯಿಂದಲೇ ತೆಗೆಸಿದ. ಇಲ್ಲಿ ದಾದಾ ಮಾತ್ರ ಅದರ ನಂತರವೂ ಎಷ್ಟೋ ಈದ್‌ಗಳಿಗೆ ಅದನ್ನು ತೊಟ್ಟುಕೊಂಡೇ ಹೋದರು.

ಟೋಪಿಯ ಜೊತೆಗೆ ಒಂದು ಮಾತೂ ನಮ್ಮ ಮನೆಯಲ್ಲಿ ಉಳಿದಿದೆ. 1920ರ ಆಗಸ್ಟ್ 19ರಂದು ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಮಂಗಳೂರಿಗೆ ಬಂದಿದ್ದರು. ಖಿಲಾಫತ್ ಮತ್ತು ಅಸಹಕಾರದ ದಿನಗಳು ಅವು. ದಾದಾನ ಅಮ್ಮ ತನ್ನ ಬೆಳ್ಳಿಯ ಕಾಲ್ಗಡಗ ಬಿಚ್ಚಿ ಖಿಲಾಫತ್ ನಿಧಿಗೆ ಕೊಟ್ಟರಂತೆ. ದೇಶದ ತುಂಬ ಹೆಂಗಸರು ಹಾಗೆ ಕೊಟ್ಟರು. ದುಡ್ಡು ಅಂಕಾರಾಕ್ಕೆ ಹೋಯಿತು. 1924ರ ಮಾರ್ಚ್ 3ರಂದು ಅಂಕಾರಾದ ಸಂಸತ್ತು ಖಿಲಾಫತನ್ನೇ ರದ್ದು ಮಾಡಿತು. ಭಾರತದ ಮುಸ್ಲಿಮರು ಕಳಿಸಿದ ಹಣದಲ್ಲಿ ಉಳಿದಿದ್ದ ಎರಡೂವರೆ ಲಕ್ಷ ಲಿರಾವನ್ನು ಅತಾತುರ್ಕ್ ಅದೇ ವರ್ಷದ ಆಗಸ್ಟಿನಲ್ಲಿ ಬಂಡವಾಳವಾಗಿ ಹಾಕಿ ಇಷ್ ಬಂಕಾಸಿ ಎಂಬ ಬ್ಯಾಂಕು ತೆರೆಸಿದ. ಹೊಸ ದೇಶಕ್ಕೆ ಬ್ಯಾಂಕು ಬೇಕಿತ್ತು, ಖಲೀಫ ಬೇಕಿರಲಿಲ್ಲ. ಆ ಬ್ಯಾಂಕು ಈಗ ಟರ್ಕಿಯ ಅತಿ ದೊಡ್ಡ ಖಾಸಗಿ ಬ್ಯಾಂಕುಗಳಲ್ಲಿ ಒಂದು.

ದಾದಾನ ಅಮ್ಮ ಬಡ್ಡಿಯ ದುಡ್ಡಿನ ಮನೆಯಲ್ಲಿ ನೀರೂ ಕುಡಿಯುತ್ತಿರಲಿಲ್ಲವಂತೆ.