ನಾವು ಕಂಡ ನೆಮ್ಮದಿ



ಕ್ರಿಸ್‌ಮಸ್ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಪ್ರತಿವರ್ಷ ಕೇಳುತ್ತಾರೆ. ನಾವು ಪ್ರತಿವರ್ಷ ಊರಿನ ಹಬ್ಬದ ತಿಂಡಿಗಳ ಬಗ್ಗೆ ಬರೆದು ಪಾರಾಗುತ್ತೇವೆ. ಈ ಸಲ ಮನೆಯೊಳಗಿನ ಒಂದು ವಿಷಯವನ್ನೇ ಬರೆಯೋಣವೆಂದು ನಾವು ಗಂಡ ಹೆಂಡತಿ ಮಾತಾಡಿಕೊಂಡೆವು. ಸಂಘದಲ್ಲಿ ಎಲ್ಲ ಮತದವರೂ ಇದ್ದೀರಿ. ಉಪದೇಶ ಮಾಡುವುದು ನಮ್ಮ ಉದ್ದೇಶವಲ್ಲ. ನಡೆದದ್ದನ್ನು ಹೇಳುತ್ತೇವೆ, ಅಷ್ಟೆ.

ನಮ್ಮದು ಮಂಗಳೂರಿನ ಬಾಸೆಲ್ ಮಿಷನ್ ಸಭೆಯ ಮನೆತನ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನಲ್ಲಿ ದುಡಿದವರಲ್ಲಿ ಅನೇಕರು ನಾವೀಗ ಇರುವ ಈ ವುರ್ಟೆಂಬರ್ಗ್ ಸೀಮೆಯವರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಎಸ್ಲಿಂಗನ್ ನಮ್ಮ ಮನೆಗೆ ಹತ್ತಿರ. 1894ರ ನಿಘಂಟಿನ ಕಿಟೆಲ್ 1903ರಲ್ಲಿ ಕಣ್ಮುಚ್ಚಿದ ಟ್ಯೂಬಿಂಗನ್ನಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹಾಗಾಗಿ 1991ರಲ್ಲಿ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಭಾನುವಾರದ ಆರಾಧನೆ ನಮಗೆ ಪರಕೀಯವೆನಿಸಲಿಲ್ಲ. ಎಷ್ಟೋ ಕೀರ್ತನೆಗಳ ರಾಗ ನಮ್ಮೂರಿನ ದೇವಾಲಯದಲ್ಲಿ ಹಾಡಿದ್ದೇ ಆಗಿತ್ತು. ಮಾತು ಮಾತ್ರ ಜರ್ಮನ್.

ಊರಿನಲ್ಲಿ ನಮ್ಮದೊಂದು ಹಂಚಿನ ಮನೆಯಿತ್ತು. ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮುತ್ತಜ್ಜ ಕಟ್ಟಿಸಿದ್ದು. 2005ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಣ್ಣನಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ಬಂದೆವು. ಕಂದಾಯ, ರಿಪೇರಿ ಎಂದು ಪ್ರತಿಯೊಂದಕ್ಕೂ ಇಲ್ಲಿಂದ ಓಡಿಹೋಗಲು ಆಗುತ್ತದೆಯೇ? 2008ರಲ್ಲಿ ಅಣ್ಣ ಆ ಮನೆಯನ್ನು ಫ್ಲ್ಯಾಟ್ ಕಟ್ಟುವವರಿಗೆ ಮಾರಿಬಿಟ್ಟ. ನಮ್ಮನ್ನು ಒಂದು ಮಾತು ಕೇಳಲಿಲ್ಲ. ನಮ್ಮ ಪಾಲೆಂದು ಕಳಿಸಿದ ಹಣ ಅರ್ಧಕ್ಕರ್ಧವೂ ಇರಲಿಲ್ಲ. ಅಪ್ಪನ ಔಷಧಿಗೆ, ಅಮ್ಮನ ಖರ್ಚಿಗೆ ಹೋಯಿತು ಎಂದ. ನಾವು ವಕೀಲರ ಮೂಲಕ ನೋಟೀಸು ಕಳಿಸಿದೆವು. ಅಲ್ಲಿಗೆ ಮಾತು ನಿಂತಿತು.

ಆರು ವರ್ಷ ಮಾತಿಲ್ಲ. ಅಮ್ಮ ಅಣ್ಣನ ಮನೆಯಲ್ಲಿದ್ದರು. ನಮ್ಮ ಫೋನು ಬಂದರೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಎಂಬತ್ತು ದಾಟಿದ ಹೆಂಗಸು ತನ್ನ ಮಗನ ಜೊತೆ ಕದ್ದು ಮಾತಾಡಬೇಕಾಗಿತ್ತು. ನಮಗೋ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮಲಗಿದಲ್ಲೇ ಅಣ್ಣನೊಡನೆ ವಾದ ಮಾಡುತ್ತಿದ್ದೆವು. ಆ ವಾದದಲ್ಲಿ ಪ್ರತಿಸಲವೂ ಗೆಲ್ಲುತ್ತಿದ್ದವರು ನಾವೇ. ಬೆಳಿಗ್ಗೆ ಎದ್ದಾಗ ಮಾತ್ರ ಸೋತವರ ಹಾಗೆ ಮೈ ಭಾರ.

ಇಷ್ಟಾದರೂ ನಾವು ಪ್ರಾರ್ಥನೆ ಬಿಟ್ಟವರಲ್ಲ. ಮನಸ್ಸಿಗೆ ಸಮಾಧಾನ ಕೊಡು ಎಂದು ದಿನವೂ ಬೇಡುತ್ತಿದ್ದೆವು. ಭಾನುವಾರ ಇಲ್ಲಿನ ಸಭೆಯಲ್ಲಿ ಎಲ್ಲರೊಡನೆ ಕರ್ತನ ಪ್ರಾರ್ಥನೆಯನ್ನು ಜರ್ಮನ್ ಭಾಷೆಯಲ್ಲಿ ಹೇಳುತ್ತಿದ್ದೆವು. ಅದು ನಾಲಿಗೆಯ ಮೇಲೆ ಸರಾಗವಾಗಿ ಹರಿದುಹೋಗುತ್ತಿತ್ತು. ಎಲ್ಲಿಯೂ ತಡೆಯಲಿಲ್ಲ.

ತಡೆದದ್ದು ಕನ್ನಡದಲ್ಲಿ. ಇಲ್ಲಿನ ಮನೆಗಳಲ್ಲಿ ಆಗಮನ ಕಾಲದ ನಾಲ್ಕು ಭಾನುವಾರ ಹಸಿರು ಕೊಂಬೆಗಳ ಮಾಲೆಯ ಮೇಲೆ ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುವ ಪದ್ಧತಿಯಿದೆ. 2014ರ ಡಿಸೆಂಬರ್ 7, ಎರಡನೆಯ ಬತ್ತಿ ಹಚ್ಚಿದ ಸಂಜೆ. ಹನ್ನೆರಡು ವರ್ಷದ ಮಗಳಿಗೆ ಕರ್ತನ ಪ್ರಾರ್ಥನೆಯನ್ನು ಕನ್ನಡದಲ್ಲಿ ಕಲಿಸುತ್ತಿದ್ದೆವು. ಕ್ಷಮೆಯ ಮಾತು ಬಂದಾಗ ಅವಳು ನಿಲ್ಲಿಸಿದಳು.

"ಇದು ಜರ್ಮನ್‌ನಲ್ಲಿ ಹೀಗಿಲ್ಲ. ಅಲ್ಲಿ ನಮ್ಮನ್ನು ಕ್ಷಮಿಸು ಅನ್ನೋದು ಮೊದಲು. ಕನ್ನಡದಲ್ಲಿ ನಾವು ಬೇರೆಯವರನ್ನು ಕ್ಷಮಿಸಿದ್ದು ಮೊದಲು ಬರುತ್ತೆ."

ಅದು ವಾಕ್ಯರಚನೆಯ ವ್ಯತ್ಯಾಸ, ಕನ್ನಡದಲ್ಲಿ 'ಹಾಗೆ', 'ಅಂತೆ' ಎನ್ನುವ ಭಾಗ ಮುಂದೆ ಬರುತ್ತದೆ ಎಂದು ವಿವರಿಸಲು ಹೊರಟೆವು. ಅವಳು ಕೇಳಿದಳು: "ಹಾಗಾದರೆ ನಾವು ದೊಡ್ಡಪ್ಪನನ್ನು ಕ್ಷಮಿಸಿದ್ದೇವಾ?"

ನಮಗೆ ಉತ್ತರ ಹೊಳೆಯಲಿಲ್ಲ. ಪ್ರಾರ್ಥನೆ ಅಲ್ಲಿಗೇ ನಿಂತಿತು. ಬಾಲ್ಯದಿಂದ ಸಾವಿರಾರು ಸಲ ಹೇಳಿದ ಮಾತು. ಅದರಲ್ಲಿ ನಮ್ಮದೂ ಒಂದು ಷರತ್ತಿದೆ ಎಂಬುದು ಆ ಸಂಜೆ ಮಗುವಿನ ಬಾಯಿಂದ ತಿಳಿಯಿತು. ಆ ರಾತ್ರಿ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯ ತೆಗೆದು ಓದಿದೆವು. ಕಾಣಿಕೆ ಕೊಡಲು ಬಂದವನಿಗೆ ಸಹೋದರನ ಮನಸ್ಸು ನೊಂದಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗಬೇಕೆಂದು ಯೇಸುಸ್ವಾಮಿ ಹೇಳುವ ಭಾಗ ಅದು. ಯಾರದು ತಪ್ಪು ಎಂಬ ವಿಚಾರಣೆಯೇ ಅಲ್ಲಿಲ್ಲ. ಮೊದಲು ಹೋಗು ಎಂದಷ್ಟೇ ಇದೆ.

ಆದರೂ ಫೋನು ಎತ್ತಲು ಆರು ದಿನ ಬೇಕಾಯಿತು. ಮೂರನೆಯ ಬತ್ತಿ ಹಚ್ಚುವ ಹಿಂದಿನ ದಿನ, ಶನಿವಾರ, ಅಲ್ಲಿ ಮಧ್ಯಾಹ್ನ ಮೂರೂವರೆ ಗಂಟೆ. ಅಣ್ಣನೇ ಎತ್ತಿದ. "ಅಣ್ಣಾ" ಎಂದೆವು. ಮುಂದಿನ ಮಾತು ಬರಲಿಲ್ಲ. ಆ ಕಡೆಯೂ ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನು ತುಳುವಿನಲ್ಲಿ, "ಒಣಸ್ ಆಂಡಾ?" ಎಂದ. ಊಟ ಆಯಿತೇ ಎಂದು ಕೇಳಿದ್ದು. ಆರು ವರ್ಷದ ಮೇಲೆ ನಮ್ಮಣ್ಣ ಕೇಳಿದ ಮೊದಲ ಪ್ರಶ್ನೆ.

2015ರ ಜನವರಿಯಲ್ಲಿ ಊರಿಗೆ ಹೋದೆವು. ಅಣ್ಣ ಒಂದು ಹಳೆಯ ಲೆಕ್ಕದ ಪುಸ್ತಕ ತಂದು ಮುಂದಿಟ್ಟ. ಅಪ್ಪನ ಕೊನೆಯ ಎರಡು ವರ್ಷದ ಆಸ್ಪತ್ರೆ ಬಿಲ್ಲು, ಹೋಂ ನರ್ಸ್ ಸಂಬಳ, ಅಮ್ಮನ ಕಣ್ಣಿನ ಆಪರೇಷನ್, ಎಲ್ಲವೂ ಅತ್ತಿಗೆಯ ಅಕ್ಷರದಲ್ಲಿ. ಆ ಲೆಕ್ಕ ಪೂರ್ತಿ ಸರಿಯಾಗಿತ್ತು ಎಂದು ಹೇಳಲಾರೆವು. ಕೇಳದೆ ಮಾರಿದ್ದು ತಪ್ಪು ಎಂದು ಈಗಲೂ ಹೇಳುತ್ತೇವೆ. ಕ್ಷಮಿಸುವುದೆಂದರೆ ತಪ್ಪನ್ನು ಸರಿ ಎನ್ನುವುದಲ್ಲ. ಆದರೆ ಪುಟ ತಿರುವುತ್ತಾ ಹೋದಂತೆ ನಮಗೆ ಇನ್ನೊಂದು ಕಂಡಿತು. ಅಪ್ಪ ಹಾಸಿಗೆ ಹಿಡಿದಿದ್ದಾಗ ಹಣ ಸಾಕಾಗುತ್ತಿದೆಯೇ, ರಾತ್ರಿ ಯಾರು ಎಚ್ಚರವಿರುತ್ತಾರೆ ಎಂದು ನಾವು ಒಂದು ಸಲವೂ ಕೇಳಿರಲಿಲ್ಲ. ಜರ್ಮನ್ ಭಾಷೆಯಲ್ಲಿ 'ಶುಲ್ಡ್' ಎಂಬ ಒಂದೇ ಶಬ್ದಕ್ಕೆ ತಪ್ಪು ಎಂದೂ ಸಾಲ ಎಂದೂ ಅರ್ಥ. ಭಾನುವಾರಗಳಂದು ಅಷ್ಟು ಸರಾಗವಾಗಿ ಹೇಳುತ್ತಿದ್ದ ಆ ಶಬ್ದದ ಅರ್ಥ ಅತ್ತಿಗೆಯ ಲೆಕ್ಕದ ಪುಸ್ತಕದಲ್ಲಿ ತಿಳಿಯಿತು. ನಾವು ಸಾಲ ಕೊಟ್ಟವರು ಮಾತ್ರವಲ್ಲ, ಸಾಲಗಾರರೂ ಆಗಿದ್ದೆವು.

ವಕೀಲರಿಗೆ ಹೇಳಿ ನೋಟೀಸಿನ ವಿಷಯ ಕೈಬಿಟ್ಟೆವು. ಅತ್ತಿಗೆ ಏನೂ ಮಾತಾಡದೆ ಪುಸ್ತಕವನ್ನು ಕಪಾಟಿನಲ್ಲಿ ಇಟ್ಟರು. ಬಾಕಿ ಹಣ ಬರಲಿಲ್ಲ, ನಾವು ಕೇಳಲೂ ಇಲ್ಲ. ಮರುದಿನ ಭಾನುವಾರ. ದೇವಾಲಯದಲ್ಲಿ ಅಮ್ಮ ಇಬ್ಬರು ಗಂಡುಮಕ್ಕಳ ನಡುವೆ ಕುಳಿತರು. ಕರ್ತನ ಪ್ರಾರ್ಥನೆ ಬಂದಾಗ ಅಮ್ಮನ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ಆ ಮಾತು ಬಂದಾಗ ನಾವೂ ತಡವರಿಸಲಿಲ್ಲ. 2017ರಲ್ಲಿ ಅಮ್ಮ ತೀರಿಕೊಂಡರು. ಪೆಟ್ಟಿಗೆಗೆ ಅಣ್ಣನೂ ನಾವೂ ಹೆಗಲು ಕೊಟ್ಟೆವು. ಆ ಫೋನು ಮಾಡದಿದ್ದರೆ ಆ ದಿನವನ್ನು ಹೇಗೆ ಕಳೆಯುತ್ತಿದ್ದೆವೋ, ನೆನೆದರೆ ಇಂದಿಗೂ ಹೆದರಿಕೆಯಾಗುತ್ತದೆ.

ಸಮಾಧಾನ ಕೊಡು ಎಂದು ಆರು ವರ್ಷ ಬೇಡಿದೆವು. ಅದು ಆಕಾಶದಿಂದ ಇಳಿದು ಬರಲಿಲ್ಲ. ಸ್ವಾಮಿ ತೋರಿಸಿದ ಕಡೆಗೆ ಒಂದು ಹೆಜ್ಜೆ ಇಟ್ಟಾಗ ಅದು ಅಲ್ಲಿಯೇ ಕಾದಿತ್ತು. ಈಗಲೂ ಕೆಲವು ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ನೀರು ಕುಡಿದು ಮಲಗುತ್ತೇವೆ, ನಿದ್ದೆ ಬರುತ್ತದೆ.

ನಿಮ್ಮಲ್ಲಿ ಯಾರಿಗಾದರೂ ಊರಿನಲ್ಲಿ ಮಾತು ಬಿಟ್ಟ ಅಣ್ಣನೋ ತಮ್ಮನೋ ಅಕ್ಕನೋ ಇದ್ದರೆ, ಈ ರಜೆಯಲ್ಲಿ ಒಂದು ಫೋನು ಮಾಡಿ ನೋಡಿ. ಏನು ಮಾತಾಡುವುದೆಂದು ತಿಳಿಯದಿದ್ದರೆ ಊಟ ಆಯಿತೇ ಎಂದು ಕೇಳಿ. ಅಷ್ಟು ಸಾಕು.

ಎಲ್ಲರಿಗೂ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಶುಭಾಶಯಗಳು.