ಹಾಲು ಹಾಕಿದ ಮೇಲೆ ಒಂದು ಗಂಟೆ

ಭತ್ತದ ಒಟ್ಲು ಹಾಕುವ ಮುಂಚೆ ಬೀಜೋಪಚಾರದ ತರಬೇತಿಗೆ ನಮ್ಮೂರಿಂದ ಹದಿನೆಂಟು ಜನ ಹೋಗಿದ್ವಿ, ಎಲ್ಲ ಗಂಡಸರೇ. ಅದೇ ವಾರ ಅಂಗನವಾಡೀಲಿ ತಾಯಂದಿರ ಸಭೆ. ಮಗುವಿಗೆ ಏನು ತಿನ್ನಿಸಬೇಕು, ಹೆಂಗೆ ಮಾತಾಡಿಸಬೇಕು ಅಂತ ಹೇಳಿಕೊಟ್ರು. ಒಬ್ಬ ಅಪ್ಪನೂ ಇರಲಿಲ್ಲ. ಹೆಸರೇ ತಾಯಂದಿರ ಸಭೆ, ಯಾವ ಗಂಡಸು ಹೋಗ್ತಾನೆ ಹೇಳಿ?

ದೇಶದಲ್ಲಿ 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಶುರುವಾದಾಗ ಪ್ರಯೋಗಕ್ಕೆ ಆರಿಸಿದ 33 ಕಡೆಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಅಲ್ಲಿಂದ ಈಚೆಗೆ ಮಕ್ಕಳ ತೂಕ, ಚುಚ್ಚುಮದ್ದು, ಊಟ ಎಲ್ಲ ಲೆಕ್ಕಕ್ಕೆ ಬಂತು. ಮನೆಯೊಳಗೆ ಮಗು ಏನು ನೋಡ್ತದೆ ಅನ್ನೋದಕ್ಕೆ ಮಾತ್ರ ಲೆಕ್ಕ ಇಲ್ಲ.

ನಮ್ಮ ಬೀದೀಲಿ ಐದು ವರ್ಷದ ಹುಡುಗ ಒಬ್ಬ ಇದ್ದಾನೆ. ರಾತ್ರಿ ಅಪ್ಪನ ಬೈಕ್ ಸದ್ದು ಕೇಳಿದ್ರೆ ಓಡಿಬಂದು ನಮ್ಮ ಕೊಟ್ಟಿಗೇಲಿ ಕರು ಪಕ್ಕ ನಿಂತ್ಕೋತಾನೆ. ಅಪ್ಪ ಒಳ್ಳೆ ಬೇಸಾಯಗಾರನೇ. ಅವನನ್ನ ಅವನಪ್ಪ ಬಾರುಕೋಲಲ್ಲಿ ಬೆಳೆಸಿದ್ದು, ಬೇರೆ ದಾರಿ ಯಾರೂ ತೋರಿಸಿಲ್ಲ.

ಅಮೆರಿಕದ ಡಾಕ್ಟರು ಫೆಲಿಟ್ಟಿ, ಆಂಡಾ ಮತ್ತು ಜೊತೆಯವರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಸಾವಿರಾರು ದೊಡ್ಡವರನ್ನ ಕೇಳಿದ್ರು: ಚಿಕ್ಕಂದಿನಲ್ಲಿ ಹೊಡೆತ ತಿಂದಿದ್ರಾ, ಅಮ್ಮನಿಗೆ ಹೊಡೆಯೋದು ನೋಡಿದ್ರಾ, ಮನೇಲಿ ಕುಡಿತ ಇತ್ತಾ? ಇಂಥವು ಹೆಚ್ಚಿದ್ದಷ್ಟೂ ಮುಂದೆ ಕುಡಿತ, ಖಿನ್ನತೆ, ಹೃದಯದ ಕಾಯಿಲೆ ಹೆಚ್ಚು ಕಂಡವು.

ತಡೆಯೋಕೆ ಆಗಲ್ವಾ? ಜಮೈಕಾದ ಕಿಂಗ್‌ಸ್ಟನ್ನಿನ ಬಡ ಕೇರಿಗಳಲ್ಲಿ 1980ರ ದಶಕದಲ್ಲಿ ಒಂದು ಕೆಲಸ ಆಯ್ತು. ಸರಿಯಾಗಿ ಬೆಳೆಯದ ಪುಟ್ಟ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೆ ಒಂದು ಗಂಟೆಯಂತೆ ಎರಡು ವರ್ಷ ಹೋದ್ರು. ಮನೇಲೇ ಮಾಡಿದ ಆಟದ ಸಾಮಾನು ಇಟ್ಟು, ಮಗುವನ್ನ ಹೆಂಗೆ ಆಡಿಸಬೇಕು, ಹೆಂಗೆ ಮೆಚ್ಚಿ ಮಾತಾಡಬೇಕು ಅಂತ ತಾಯಿಗೆ ತೋರಿಸಿದ್ರು. ಇಪ್ಪತ್ತು ವರ್ಷದ ಮೇಲೆ ನೋಡಿದ್ರೆ, ಆ ಮಕ್ಕಳ ದುಡಿಮೆ ಅವರಂಥದ್ದೇ ಬೇರೆ ಮಕ್ಕಳಿಗಿಂತ ಶೇ. 25 ಜಾಸ್ತಿ. ಹೊಡೆದಾಟ ಕಮ್ಮಿ. ಅಲ್ಲೂ ಕಲಿತದ್ದು ಹೆಚ್ಚಾಗಿ ತಾಯಂದಿರೇ ಅನ್ನಿ.

ನಮ್ಮಲ್ಲಿ ಗಂಡಸರು ಒಟ್ಟಿಗೆ ಸಿಗೋದು ಡೈರಿ ಮುಂದೆ. ತಿಂಗಳಿಗೊಮ್ಮೆ ಸಂಜೆ ಹಾಲು ಹಾಕಿದ ಮೇಲೆ ಅಲ್ಲೇ ಅಪ್ಪ-ಅಮ್ಮಂದಿರ ಸಭೆ ಆಗಲಿ. ಅಂಗನವಾಡಿ ಮೇಡಂಗೆ ಈಗಲೇ ಸರ್ವೆ, ಚುನಾವಣೆ ಅಂತ ಹೊರೆ ಸಾಕಾಗಿದೆ, ಈ ಕೆಲಸಕ್ಕೆ ಪಂಚಾಯಿತಿ ಬೇರೆ ದುಡ್ಡು ಕೊಡ್ಲಿ.

ಗ್ರಾಮಸಭೆಗೆ ಅರ್ಜಿ ಬರೆದಿಟ್ಟಿದೀನಿ. ಸಹಿ ಹಾಕೋರು ನಾಳೆ ಸಂಜೆ ಡೈರಿ ಹತ್ರ ಸಿಗಿ.